ಎಲ್ಲದಕ್ಕೂ ‘ಯಾ’ ಎನ್ನುತ್ತಿದ್ದ ನಾರ್ವೆಯ ಹಿರಿಯರು

ಕರೆ ಬಂದಾಗ ನಾನು ಮಂಡಿ ಮೊಹಲ್ಲಾದ ನನ್ನ ಸ್ಪೀಚ್ ಥೆರಪಿ ಕ್ಲಿನಿಕ್ಕಿನಲ್ಲಿ, ಮಾತು ತೊದಲುವ ವಕೀಲರೊಬ್ಬರಿಗೆ ಉಸಿರಾಟದ ಅಭ್ಯಾಸ ಮಾಡಿಸುತ್ತಿದ್ದೆ. ಕರೆ ಮಾಡಿದವರು ನಮ್ಮೂರಿನಲ್ಲಿ ಬಹಳ ವರ್ಷಗಳಿಂದ ಒಂದು ನಾಟಕ ತಂಡ ನಡೆಸಿಕೊಂಡು ಬಂದಿರುವ ಮೇಷ್ಟ್ರು. ಅವರ ತಂಡದ ಅತಿಥಿಯಾಗಿ ನಾರ್ವೆಯಿಂದ ಬಂದಿದ್ದ ಹಿರಿಯರೊಬ್ಬರಿಗೆ ಮೈಸೂರಿಗೆ ಬಂದಿಳಿದ ಒಂದೆರಡು ದಿನಗಳಲ್ಲೇ ಸ್ಟ್ರೋಕ್ ಆಗಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು, ಆದರೆ ಸದ್ಯಕ್ಕೆ ವಿಮಾನ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಶ್ರೀರಾಂಪುರದ ತಮ್ಮ ಮನೆಯ ಮಹಡಿಯಲ್ಲೇ ಅವರನ್ನೂ ಅವರ ಹೆಂಡತಿಯನ್ನೂ ಮೇಷ್ಟ್ರು ಇರಿಸಿಕೊಂಡಿದ್ದರು.

“ನಡೀತಾರೆ, ಊಟ ಮಾಡ್ತಾರೆ, ಹೇಳಿದ್ದೆಲ್ಲಾ ಅರ್ಥ ಆಗುತ್ತೆ. ಮಾತು ಒಂದು ಹೋಗ್ಬುಟ್ಟಿದೆ ಮೇಡಂ,” ಎಂದರು. “ಇಡೀ ಜೀವ್ನ ಮಾತಾಡ್ಕೊಂಡೇ ಬಂದಿರೋ ಮನುಷ್ಯ ಕಣ್ರೀ.”

ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದೆ. ಮೇಷ್ಟ್ರ ಹೆಂಡತಿ ಗೇಟಿನಲ್ಲೇ ಸಿಕ್ಕಿದರು. ಅತಿಥಿಗಳ ಒಳ್ಳೆಯತನದ ಬಗ್ಗೆ ಅವರಿಗೆ ಹೇಳಿ ಮುಗಿಯುತ್ತಿರಲಿಲ್ಲ.

“ಏನು ಹಾಕಿದ್ರೂ ಬೇಡ ಅನ್ನಲ್ಲ ಕಣಮ್ಮ. ಇನ್ನೊಂದು ಇಡ್ಲಿ ಹಾಕ್ಲಾ ಅಂದ್ರೆ ಯಾ ಅಂತಾರೆ. ಚಟ್ನಿಪುಡಿ ಹಾಕ್ಲಾ ಅಂದ್ರೂ ಯಾ. ನಮ್ಮನೇಲಿ ಹುಟ್ಟಿದೋರ್ಗೇ ಇಷ್ಟು ಹೊಂದಾಣಿಕೆ ಇಲ್ಲ.”

‘ಯಾ’ ಎಂದರೆ ಅವರ ಭಾಷೆಯಲ್ಲಿ ‘ಹೌದು’. ಹಿರಿಯರ ಹೆಂಡತಿ ಹಾಗೆಂದು ಮನೆಯವರಿಗೆಲ್ಲ ಹೇಳಿಕೊಟ್ಟಿದ್ದರು. ನಾನು ನಕ್ಕು ಮೆಟ್ಟಿಲು ಹತ್ತಿದೆ. ಮಾತು ಹೋದವರ ಜೊತೆ ಕೆಲಸ ಮಾಡಿದವರಿಗೆ ಇಂಥ ಒಂದೇ ಪದ ಕೇಳಿದಾಗ ಕಿವಿ ನೆಟ್ಟಗಾಗಬೇಕು. ಅವತ್ತು ನನಗೆ ಆಗಲಿಲ್ಲ.

ಹಿರಿಯರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎಪ್ಪತ್ತು ದಾಟಿದ, ಎತ್ತರದ ಆಳು. ಬಲಗೈ ಸೋತು ತೊಡೆಯ ಮೇಲೆ ಬಿದ್ದಿತ್ತು. ನನ್ನನ್ನು ಕಂಡ ಕೂಡಲೇ ಕಷ್ಟಪಟ್ಟು ಎದ್ದು ನಿಂತು ಎಡಗೈ ಚಾಚಿದರು. ಸ್ವಾಗತದ ಮಾತು ಮುಖದ ತುಂಬ ಇತ್ತು. ಬಾಯಿಂದ ಬಂದದ್ದು “ಯಾ, ಯಾ, ಯಾ” ಅಷ್ಟೇ. ಆ ಮೂರು ಸದ್ದುಗಳಲ್ಲೇ ಏರಿಳಿತವಿತ್ತು, ಸೌಜನ್ಯವಿತ್ತು, ಕೊನೆಯಲ್ಲಿ ಒಂದು ತಮಾಷೆಯೂ ಇದ್ದ ಹಾಗಿತ್ತು. ವೇದಿಕೆ ಏರಿ ಅಭ್ಯಾಸವಿದ್ದ ಮನುಷ್ಯ ಎಂದು ಯಾರಾದರೂ ಹೇಳಬಹುದಿತ್ತು.

ಮೊದಲ ದಿನ ಮಾಡುವ ಪರೀಕ್ಷೆಗಳನ್ನೆಲ್ಲ ಮಾಡಿದೆ. ಬಾಚಣಿಗೆ, ಬೀಗ, ಲೋಟಗಳನ್ನು ಮುಂದಿಟ್ಟು ಬೀಗ ತೋರಿಸಿ ಎಂದರೆ ತೋರಿಸುತ್ತಿದ್ದರು. ಇದರ ಹೆಸರೇನು ಎಂದರೆ ತುಟಿ ಅಲುಗಾಡಿಸಿ, ಹಣೆಯಲ್ಲಿ ಬೆವರು ಬಂದು, ಕೊನೆಗೆ ‘ಯಾ’ ಎನ್ನುತ್ತಿದ್ದರು. ನಾನು ಹೇಳಿದ್ದನ್ನು ಮತ್ತೆ ಹೇಳಲೂ ಆಗುತ್ತಿರಲಿಲ್ಲ. ಅರ್ಥವಾಗುತ್ತದೆ, ಹೇಳಬೇಕಾದ್ದು ಒಳಗೆ ಇದೆ, ಅದನ್ನು ಶಬ್ದವಾಗಿ ಹೊರಗೆ ತರುವ ದಾರಿ ಕೆಟ್ಟಿದೆ. ನಾವು ಇದನ್ನು ಅಫೇಸಿಯಾ ಎನ್ನುತ್ತೇವೆ. ಬುದ್ಧಿ ಸರಿಯಾಗಿರುವುದರಿಂದ ಇಂಥವರ ಸಂಕಟ ಹೆಚ್ಚು.

ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು ಎಂದು ಕೇಳಿ ನಾನು ಚಿಕಿತ್ಸೆಯನ್ನು ಇಂಗ್ಲಿಷಿನಲ್ಲೇ ಶುರು ಮಾಡಿದೆ. ಅದು ನನಗೆ ಅನುಕೂಲ. ಒಂದು ವಾರ ಚಿತ್ರದ ಕಾರ್ಡುಗಳನ್ನು ಹಿಡಿದು ಕೂತೆವು. ಏನೂ ಆಗಲಿಲ್ಲ. ವಾರದ ಕೊನೆಯ ದಿನ ಅವರು ಕಾರ್ಡುಗಳನ್ನೆಲ್ಲ ಎಡಗೈಯಿಂದ ಮೇಜಿನ ಆ ತುದಿಗೆ ತಳ್ಳಿ, ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟರು. ನಾನು ಸಾಮಾನು ಎತ್ತಿಟ್ಟುಕೊಳ್ಳುತ್ತಿದ್ದಾಗ ಅವರ ಹೆಂಡತಿ ಪಕ್ಕದಲ್ಲಿ ಕೂತು ಸಮಾಧಾನ ಮಾಡಲು ಮೆಲ್ಲಗೆ ಏನೋ ಹಾಡತೊಡಗಿದರು. ಎರಡನೇ ಸಾಲಿಗೆ ಹಿರಿಯರ ದನಿಯೂ ಸೇರಿತು. ಪದಗಳ ಸಮೇತ. ಹೆಂಡತಿ ಹಾಡುವುದನ್ನು ನಿಲ್ಲಿಸಿ ಬಾಯಿಗೆ ಕೈ ಇಟ್ಟುಕೊಂಡರು. ಅವರು ನಿಲ್ಲಿಸಿದ್ದೇ ತಡ, ಹಿರಿಯರ ಪದಗಳೂ ನಿಂತವು.

ಹಾಡಿನ ದಾರಿ ಮಾತಿನ ದಾರಿಗಿಂತ ಬೇರೆ. ಅದು ಎಷ್ಟೋ ಸಲ ಉಳಿದುಕೊಂಡಿರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಬೇರೆ ರೋಗಿಗಳಲ್ಲಿ ಕಂಡೂ ಇದ್ದೆ. ಆದರೂ ಇಂಗ್ಲಿಷ್ ಹಿಡಿದುಕೊಂಡು ವಾರ ಕಳೆದಿದ್ದೆ. ಅವತ್ತೇ ಯೋಜನೆ ಬದಲಿಸಿದೆ. ಇನ್ನು ಮುಂದೆ ಅವರ ಊರಿನ ಭಾಷೆ, ಹಾಡಿನ ಧಾಟಿ, ಜೊತೆಗೆ ಹೆಂಡತಿಯ ಬಾಯಿ. ನಾನು ಹಿಂದೆ ನಿಂತು ಏನು, ಎಷ್ಟು, ಯಾವಾಗ ಎಂದು ಹೇಳುವವಳು.

ಅದಕ್ಕೆ ಅವರ ಬದುಕು ನನಗೆ ಬೇಕಾಯಿತು. ಯಾವ ಪದಗಳು ಅವರಿಗೆ ಹತ್ತಿರ, ಯಾರ ಹೆಸರು ಬಾಯಿಗೆ ರೂಢಿ ಎಂದು ತಿಳಿಯದೆ ಅಭ್ಯಾಸ ಕಟ್ಟಲಾಗುವುದಿಲ್ಲ. ಹೆಂಡತಿ ಎರಡು ಮೂರು ಮಧ್ಯಾಹ್ನ ಕೂತು ಇಂಗ್ಲಿಷಿನಲ್ಲಿ ಹೇಳಿದರು. ತಾಳ್ಮೆಯ ಹೆಂಗಸು, ಹಿಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಹಿರಿಯರದ್ದು ಸಮುದ್ರ ಬೆಟ್ಟದೊಳಕ್ಕೆ ಕೈಚಾಚಿದಂತಿರುವ ಕಡೆಯ ಒಂದು ಸಣ್ಣ ಊರು. ತಂದೆ ಮೀನಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆ ಕರಾವಳಿಯ ಊರುಗಳಿಗೆ ಒಂದು ದೋಣಿ ನಾಟಕ ಹೊತ್ತು ತರುತ್ತಿತ್ತು. ದೋಣಿ ಎಂದರೆ ದೊಡ್ಡದು, ಪರದೆ, ದೀಪ, ನಟರು ಎಲ್ಲರೂ ಅದರಲ್ಲೇ. ಶಾಲೆ ಮುಗಿಸಿದವರೇ ಇವರು ದೀಪ ಕಟ್ಟುವ ಕೆಲಸಕ್ಕೆ ಆ ದೋಣಿ ಹತ್ತಿದರು. ಆಮೇಲೆ ಶಿಕ್ಷಕರಾದರು, ಊರಿನ ಆಡಳಿತದ ಮುಖ್ಯಸ್ಥರಾದರು, ಪಾರ್ಲಿಮೆಂಟಿಗೆ ಹೋದರು. ಅಲ್ಲಿ ಬೇರೆಯವರು ರಸ್ತೆ, ತೈಲ ಎಂದು ಮಾತನಾಡುವಾಗ ಇವರು ಎದ್ದು ನಿಂತರೆ ಸಣ್ಣ ಊರಿಗೊಂದು ಲೈಬ್ರರಿ, ಒಂದು ರಂಗಮಂಚ ಎನ್ನುವುದೇ. ಕೆಲವರು ಆಕಳಿಸುತ್ತಿದ್ದರಂತೆ. ಆದರೂ ಹಟ ಹಿಡಿದು ಕಾನೂನಿಗೆ ಒಂದು ಸಾಲು ಸೇರಿಸಿದರು. ಅದರಿಂದ ಎಷ್ಟೋ ಊರುಗಳಲ್ಲಿ ನಾಟಕದ ಮನೆಗಳು ಉಳಿದವು. ರಾಜಕೀಯ ಬಿಟ್ಟ ಮೇಲೆ ಹವ್ಯಾಸಿ ನಾಟಕ ತಂಡಗಳ ಒಕ್ಕೂಟಕ್ಕೆ ಅಧ್ಯಕ್ಷರಾದರು. ಆ ದೋಣಿ ಈಗ ಒಕ್ಕೂಟದ್ದು. ಮೈಸೂರಿಗೆ ಬಂದದ್ದು ಕೂಡ ನಮ್ಮ ಮೇಷ್ಟ್ರ ತಂಡ ವ್ಯಾನಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ನಾಟಕ ಆಡುವುದನ್ನು ಕಣ್ಣಾರೆ ನೋಡಲು.

ಹೆಂಡತಿ ಹೇಳುತ್ತಿದ್ದಾಗ ಹಿರಿಯರು ಕೇಳಿಸಿಕೊಳ್ಳುತ್ತಿದ್ದರು. ಯಾವುದಾದರೂ ವಿವರ ತಪ್ಪಿದರೆ ಮುಖ ಗಂಟಿಕ್ಕುತ್ತಿತ್ತು. ಬಾಯಿ ಮಾತ್ರ ‘ಯಾ’ ಎನ್ನುತ್ತಿತ್ತು. ನಾನು ಎರಡನ್ನೂ ನೋಡಿದೆ, ಪಕ್ಕಪಕ್ಕ ಇಟ್ಟು ಯೋಚಿಸಲಿಲ್ಲ.

ಹಾಡಿನ ಅಭ್ಯಾಸ ಚೆನ್ನಾಗಿ ನಡೆಯಿತು. ಅವರ ಎಡಗೈಯನ್ನು ನಾನು ಹಿಡಿದು ಮೇಜಿನ ಮೇಲೆ ತಾಳ ತಟ್ಟುತ್ತಿದ್ದೆ. ಹೆಂಡತಿ ಮೊದಲು ಬರೀ ಧಾಟಿ ಗುನುಗಬೇಕು, ಆಮೇಲೆ ಪದ ಸೇರಿಸಬೇಕು, ಆಮೇಲೆ ಅರ್ಧಕ್ಕೆ ಬಿಡಬೇಕು, ಉಳಿದದ್ದನ್ನು ಅವರು ಮುಗಿಸಬೇಕು. ಹೆಂಡತಿಯ ಹೆಸರು ಬಂತು. ‘ನೀರು’ ಎಂಬ ಪದ ಬಂತು. ಹೆಸರು ಬಂದ ದಿನ ಹೆಂಡತಿ ಸ್ನಾನದ ಕೋಣೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೀಗಿರುವಾಗ ಒಂದು ದಿನ ನಾನಿದ್ದಾಗಲೇ ನಾರ್ವೆಯಿಂದ ವಿಡಿಯೋ ಕರೆ ಬಂತು. ಒಕ್ಕೂಟದ ಉಪಾಧ್ಯಕ್ಷರು, ನಲವತ್ತರ ಆಸುಪಾಸಿನವರು. ಪ್ರೀತಿಯಿಂದ ಮಾತನಾಡಿದರು, ಕಣ್ಣೊರೆಸಿಕೊಂಡರು. ಕೊನೆಯಲ್ಲಿ ಗಂಭೀರವಾಗಿ ಏನೋ ಕೇಳಿದರು. ಹಿರಿಯರು “ಯಾ, ಯಾ” ಎಂದರು. ಉಪಾಧ್ಯಕ್ಷರ ಮುಖ ಅರಳಿತು. ಹೆಂಡತಿ ತಲೆ ತಗ್ಗಿಸಿಕೊಂಡಿದ್ದರು.

ಏನು ಕೇಳಿದರು ಎಂದು ಆಮೇಲೆ ಹೆಂಡತಿಯನ್ನು ವಿಚಾರಿಸಿದೆ. ದೋಣಿ ಹಳತಾಗಿದೆ, ಕೊಳ್ಳುವವರು ಸಿಕ್ಕಿದ್ದಾರೆ. ಅದನ್ನು ಮಾರಿ ನಾಟಕಕ್ಕೆ ಬಸ್ಸುಗಳನ್ನು ಮಾಡಿಕೊಳ್ಳೋಣ ಎನ್ನುವುದು ಸಮಿತಿಯ ಆಸೆ. ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಆಗುವುದಿಲ್ಲ. ಇವರು ಇಷ್ಟು ವರ್ಷ ಆ ಮಾತು ಬಂದಾಗಲೆಲ್ಲ ತಡೆದಿದ್ದರು. ಈಗ ಒಪ್ಪಿದರು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಸುತ್ತಿತು. ಇಡ್ಲಿಗೆ ಯಾ, ಚಟ್ನಿಪುಡಿಗೆ ಯಾ, ಬೀಗಕ್ಕೆ ಯಾ, ದೋಣಿಗೂ ಯಾ.

ಮರುದಿನ ಅಭ್ಯಾಸದ ಮಧ್ಯೆ, ಹೊಸ ಪರೀಕ್ಷೆ ಎಂದು ಹೇಳಿ, ಹೌದು ಅಥವಾ ಅಲ್ಲ ಎಂದು ಉತ್ತರಿಸುವ ಪ್ರಶ್ನೆಗಳನ್ನು ಹೆಂಡತಿಯಿಂದ ಕೇಳಿಸಿದೆ. ಇದು ಲೋಟವೇ? ಇದು ಆನೆಯೇ? ನೀವು ಗಂಡಸೇ? ನೀವು ಹೆಂಗಸೇ? ಎಲ್ಲದಕ್ಕೂ ‘ಯಾ’. ‘ನೀವು ಹೆಂಗಸೇ’ ಎಂದಾಗ ಹಾಗೆಂದು ಹೇಳಿ, ತಮ್ಮ ಮಾತು ತಮಗೇ ಕೇಳಿಸಿ, ಕಣ್ಣು ಮುಚ್ಚಿಕೊಂಡರು. ಅವರು ತಲೆ ಆಡಿಸುವುದೂ ಬಾಯಿಯ ಹಿಂದೆಯೇ ಹೋಗುತ್ತಿತ್ತು. ಹೌದು ಎನ್ನುವುದೊಂದೇ ಹೊರಗೆ ಬರುವಾಗ ಅದಕ್ಕೆ ಅರ್ಥವಿಲ್ಲ. ಅದು ಒಪ್ಪಿಗೆಯೂ ಆಗಬಹುದು, ನಿರಾಕರಣೆಯೂ ಆಗಬಹುದು, ಬರೀ ಉಸಿರೂ ಆಗಬಹುದು. ಇದನ್ನು ನಾನು ಮೊದಲ ದಿನವೇ ನೋಡಬೇಕಿತ್ತು.

ಕೆಳಗೆ ಬಂದು ಮೇಷ್ಟ್ರಿಗೆ ವಿಷಯ ಹೇಳಿದೆ.

“ಬುಡ್ರೀ ಮೇಡಂ. ಅವ್ರ ದೇಶದ ವಿಷ್ಯ, ಅವ್ರ ಸಂಘದ ವಿಷ್ಯ. ನಾವು ಅತಿಥಿ ಸತ್ಕಾರ ಮಾಡ್ತಿದೀವಿ. ನೀವು ಮಾತು ಕೊಡ್ಸೋಕೆ ಬಂದಿದೀರಿ. ಅದ್ರಲ್ಲಿ ಯಾಕೆ ತಲೆ ಹಾಕ್ತೀರಿ?”

ಅವರು ಹೇಳಿದ್ದು ಬೇಡದ ಮಾತೇನಲ್ಲ. ನನ್ನನ್ನು ಕರೆಸಿದವರು ಅವರು. ನನ್ನ ಕೆಲಸವನ್ನು ದಿನವೂ ಸಾಗಿಸುತ್ತಿದ್ದವರು ಆ ಹೆಂಡತಿ. ಆಕೆ ಸಿಟ್ಟಾಗಿ ಕೂತರೆ ಚಿಕಿತ್ಸೆಯೇ ನಿಲ್ಲುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೆರಡು ಪದ ಬರುತ್ತವೆ, ಅವರು ಊರಿಗೆ ಹೋಗುತ್ತಾರೆ, ಅಷ್ಟು ಹೊತ್ತಿಗೆ ದೋಣಿ ಬೇರೆಯವರದ್ದಾಗಿರುತ್ತದೆ. ಆದರೆ ನಾನು ಕಲಿತ ವಿದ್ಯೆಯ ಮೊದಲ ಪಾಠವೇ, ರೋಗಿ ಹೇಳದ್ದನ್ನು ಹೇಳಿದ ಎಂದು ಒಪ್ಪಿಕೊಳ್ಳಬಾರದು ಎಂಬುದು. ಅದನ್ನು ಬಿಟ್ಟರೆ ನನ್ನ ಹತ್ತಿರ ಉಳಿಯುವುದು ಬರೀ ಚಿತ್ರದ ಕಾರ್ಡುಗಳು. ಮತ್ತೆ ಮೆಟ್ಟಿಲು ಹತ್ತಿದೆ.

ಹೆಂಡತಿಯನ್ನು ಬಾಲ್ಕನಿಗೆ ಕರೆದು, ನಿಮ್ಮ ಯಜಮಾನರು ಫೋನಿನಲ್ಲಿ ಹೇಳಿದ್ದನ್ನು ಒಪ್ಪಿಗೆ ಎನ್ನಲಾಗದು ಎಂದೆ. ಆಕೆ ನನ್ನನ್ನೇ ನೋಡಿದರು.

“ನನಗೆ ಗೊತ್ತಿಲ್ಲ ಅಂದುಕೊಂಡಿರಾ?” ಎಂದರು. ಆಮೇಲೆ ತಡೆಯಲಾಗದವರಂತೆ ಎಲ್ಲ ಹೇಳಿದರು. ಆ ದೋಣಿಗಾಗಿ ಅವರು ನಿದ್ದೆಗೆಟ್ಟ ವರ್ಷಗಳು, ಜಗಳಗಳು, ಏರಿದ ರಕ್ತದೊತ್ತಡ. ಈಗ ಬೇಡ ಎಂದುಬಿಟ್ಟರೆ ಎಲ್ಲ ಮತ್ತೆ ಶುರುವಾಗುತ್ತದೆ. ಇನ್ನೊಂದು ಸ್ಟ್ರೋಕ್ ಆದರೆ ಉಳಿಯುವುದಿಲ್ಲ. ಒಂದು ಪದದಲ್ಲಿ ಅದೆಲ್ಲ ಮುಗಿದಿತ್ತು. “ನೀವು ಅವರ ನಾಲಿಗೆಗಾಗಿ ಬಂದಿದ್ದೀರಿ,” ಎಂದರು, “ಅವರ ಸಂಘಕ್ಕಾಗಿ ಬಂದಿಲ್ಲ.” ನಾಳೆ ಬರುವುದು ಬೇಡ ಎಂದೂ ಹೇಳಿದರು.

ಆಕೆಯ ಮೇಲೆ ನನಗೆ ಕೋಪ ಬರಲಿಲ್ಲ. ಗಂಡನ ಬೆನ್ನಿಗೆ ದಿಂಬು ಇಟ್ಟು, ಅನ್ನ ಕಲಸಿಕೊಟ್ಟು, ಅಪರಿಚಿತ ಊರಿನಲ್ಲಿ ಒಬ್ಬರೇ ಎಲ್ಲವನ್ನೂ ನಿಭಾಯಿಸುತ್ತಿದ್ದವರು. ನಾನೇ ಆಕೆಯ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳಲಾರೆ.

ಮರುದಿನ ಕ್ಲಿನಿಕ್ಕಿನಲ್ಲಿದ್ದೆ. ಅದರ ಮರುದಿನವೂ. ಆಮೇಲೆ ಆಕೆಯೇ ಫೋನ್ ಮಾಡಿದರು. ಹೋಗಿ ನೋಡಿದರೆ ಮುಖ ಬಾಡಿತ್ತು. ನಡೆದದ್ದು ಇಷ್ಟು. ಹಿಂದಿನ ಸಂಜೆ ಗಂಡನ ಪಕ್ಕ ಕೂತು, ಮನೆಗೆ ಹೋಗುವ ಆಸೆಯಾಗುತ್ತಿದೆಯೇ ಎಂದು ಕೇಳಿದರಂತೆ. ಯಾ ಎಂದರು. ಸಂತೋಷವಾಯಿತು. ಸ್ವಲ್ಪ ಹೊತ್ತು ಬಿಟ್ಟು, ಇಲ್ಲೇ ಇದ್ದುಬಿಡೋಣವೇ ಎಂದು ಕೇಳಿದರು. ಅದಕ್ಕೂ ಯಾ. ನಾನಿಲ್ಲದೆ ಒಬ್ಬರೇ ಇರುತ್ತೀರಾ ಎಂದು ಕೇಳಿದರು. ಅದಕ್ಕೂ ಯಾ ಎಂದರು, ಹಾಗೆನ್ನುತ್ತಲೇ ಹೆಂಡತಿಯ ಕೈ ಹಿಡಿದುಕೊಂಡರು. ಕೈ ಹಿಡಿದದ್ದು ಉತ್ತರವೋ, ಬಾಯಲ್ಲಿ ಬಂದದ್ದು ಉತ್ತರವೋ ಎಂದು ರಾತ್ರಿಯೆಲ್ಲ ಯೋಚಿಸಿದೆ ಎಂದರು ನನಗೆ. “ಅವರಿಗೆ ‘ಇಲ್ಲ’ ಕಲಿಸಿ. ಏನಾದರೂ ಆಗಲಿ.”

ಕೊಳ್ಳುವವರು ಕಾಯುತ್ತಿದ್ದುದರಿಂದ ಹೆಚ್ಚು ಸಮಯವಿರಲಿಲ್ಲ. ಎರಡು ದಾರಿಯಲ್ಲಿ ಒಟ್ಟಿಗೆ ಕೆಲಸ ಶುರು ಮಾಡಿದೆವು. ಬಾಯಿಂದ ‘ಇಲ್ಲ’ ಬರಿಸುವುದು ಒಂದು. ಅವರ ಭಾಷೆಯಲ್ಲಿ ಅದು ನಮ್ಮ ಕಿವಿಗೆ ‘ನೈ’ ಎಂದೇ ಕೇಳಿಸುತ್ತದೆ. ಮಂಡಿ ಮೊಹಲ್ಲಾದ ಅಂಗಡಿಗಳಲ್ಲಿ ನಾನು ದಿನವೂ ಕೇಳುವ ಉರ್ದುವಿನ ‘ನೈ’ಯೇ. ಅದನ್ನು ಹೇಳಿದಾಗ ಹಿರಿಯರು ಬಹಳ ದಿನಗಳ ಮೇಲೆ ನಕ್ಕರು. ಅವರ ಹಾಡಿನ ಪಲ್ಲವಿಯಲ್ಲಿ ಆ ಪದವಿತ್ತು. ಹಾಡಿನಲ್ಲಿ ಸಲೀಸಾಗಿ ಬರುತ್ತಿತ್ತು, ಹಾಡಿನಿಂದ ಬಿಡಿಸಿದರೆ ಮತ್ತೆ ‘ಯಾ’. ಎಷ್ಟು ತಾಳ ತಟ್ಟಿದರೂ ಅದು ಹಾಡನ್ನು ಬಿಟ್ಟು ಬರಲಿಲ್ಲ.

ಹಾಗಾಗಿ ಎರಡನೇ ದಾರಿಯನ್ನು ನೆಚ್ಚಿಕೊಳ್ಳಬೇಕಾಯಿತು. ಎರಡು ದಪ್ಪ ರಟ್ಟು. ಒಂದರ ಮೇಲೆ ಹಸಿರು ಗೆರೆಯಲ್ಲಿ ಸರಿ ಗುರುತು, ಇನ್ನೊಂದರ ಮೇಲೆ ಕೆಂಪು ಅಡ್ಡಗುರುತು. ಮಾತಾಡಬೇಡಿ, ಬಾಯಿ ಮುಚ್ಚಿಕೊಂಡು ಎಡಗೈ ಬೆರಳು ಮಾತ್ರ ಇಡಿ ಎಂದೆವು. ಮೊದಲು ಬೆರಳೂ ಬಾಯಿಯ ಮಾತು ಕೇಳಿ ಹಸಿರಿಗೇ ಹೋಗುತ್ತಿತ್ತು. ತುಟಿಯ ನಡುವೆ ಒಂದು ಸ್ಟ್ರಾ ಹಿಡಿಸಿದೆ. ಬಾಯಿ ಸುಮ್ಮನಾಯಿತು, ಬೆರಳು ನಿಧಾನವಾಗಿ ತನ್ನ ದಾರಿ ಹಿಡಿಯಿತು. ಲೋಟವೇ, ಆನೆಯೇ, ಗಂಡಸೇ, ಹೆಂಗಸೇ. ತಪ್ಪುಗಳು ಕಡಿಮೆಯಾಗುತ್ತಾ ಬಂದು ನಿಂತೇಹೋದವು.

ಇನ್ನೊಂದು ತೊಡಕಿತ್ತು. ಪ್ರಶ್ನೆ ಕೇಳುವಾಗ ಹೆಂಡತಿಯ ಮುಖದಲ್ಲೇ ಉತ್ತರ ಇರುತ್ತಿತ್ತು. ಹುಬ್ಬು ಸ್ವಲ್ಪ ಏರಿದರೂ ಸಾಕು, ರೋಗಿ ಅದನ್ನು ಹಿಡಿಯುತ್ತಾನೆ. ಆಕೆಗೆ ಹೇಳಿದಾಗ ಬೇಜಾರು ಮಾಡಿಕೊಳ್ಳಲಿಲ್ಲ; ಪರೀಕ್ಷೆಯ ಕೋಣೆಯಲ್ಲಿ ತಾನೂ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ ಎಂದರು. ಉಪಾಧ್ಯಕ್ಷರಿಗೆ ಮತ್ತೆ ವಿಡಿಯೋ ಕರೆ ಮಾಡಿ ದೋಣಿಯ ವಿಷಯ ಹೊಸದಾಗಿ ಕೇಳಿಸುವುದೆಂದು ನಿರ್ಧರಿಸಿದೆವು. ಆ ದಿನ ಆಕೆ ಗಂಡನ ಹಿಂದೆ ಕೂರುವುದು, ಫೋನಿನ ಕಣ್ಣಿಗೂ ಬೀಳದೆ. ಪ್ರಶ್ನೆಗಳನ್ನು ಉಪಾಧ್ಯಕ್ಷರೇ ಓದುವುದು, ಒಂದೇ ದನಿಯಲ್ಲಿ. ಪ್ರತಿ ಪ್ರಶ್ನೆ ಎರಡು ಸಲ, ಒಂದು ಸಲ ನೇರ, ಇನ್ನೊಂದು ಸಲ ತಿರುಗಿಸಿ: ದೋಣಿ ಮಾರಬೇಕೇ, ದೋಣಿ ಉಳಿಸಬೇಕೇ. ನಡುನಡುವೆ ಆನೆ, ಲೋಟ. ಬೆರಳು ಎಲ್ಲಿ ಬಿತ್ತು ಎಂದು ಗುರುತು ಹಾಕುವವಳು ನಾನು. ನನಗೆ ಆ ಭಾಷೆ ಬರುವುದಿಲ್ಲ. ಯಾವ ಪ್ರಶ್ನೆಗೆ ಯಾವ ಗುರುತು ಎಂದು ತಿಳಿಯದಿರುವವರು ಬೇಕಿತ್ತು. ಅದಕ್ಕೆ ನಾನೇ ತಕ್ಕವಳು.

ಉಪಾಧ್ಯಕ್ಷರಿಗೆ ಮೊದಲು ಇದು ಹಿಡಿಸಲಿಲ್ಲ. ಒಪ್ಪಿಗೆ ಸಿಕ್ಕಿದೆಯಲ್ಲ ಎಂದರು. ಹೆಂಡತಿ ಖಡಾಖಂಡಿತವಾಗಿ, ಸಿಕ್ಕಿಲ್ಲ ಎಂದರು.

ಕರೆಯ ದಿನ ಮೇಷ್ಟ್ರೂ ಬಂದು ಬಾಗಿಲ ಹತ್ತಿರ ನಿಂತರು. ಹಿರಿಯರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಸ್ಟ್ರಾ ಕಚ್ಚಿಕೊಂಡು ಕೂತಿದ್ದರು. ಪ್ರಶ್ನೆ ಬಂತು. ಬೆರಳು ಹಸಿರಿಗೆ ಹೋಯಿತು. ಇನ್ನೊಂದು, ಕೆಂಪು. ಮತ್ತೆ ಕೆಂಪು. ಹಸಿರು. ಒಂದು ಪ್ರಶ್ನೆಗೆ ಬೆರಳು ಮೇಜಿನ ಮಧ್ಯದಲ್ಲೇ ಬಹಳ ಹೊತ್ತು ನಿಂತಿತು. ಅದು ನಿಧಾನವಾಗಿ ಹಸಿರಿನ ಮೇಲೆ ಕೂತಿತು. ಫೋನಿನಲ್ಲಿ ಉಪಾಧ್ಯಕ್ಷರು ಓದುವುದನ್ನು ನಿಲ್ಲಿಸಿ ನೀರು ಕುಡಿದರು. ಹಿರಿಯರ ಹಿಂದೆ ಹೆಂಡತಿ ಅಳುತ್ತಿದ್ದರು, ಸದ್ದಿಲ್ಲದೆ.

ಪೂರ್ತಿ ಮುಗಿದ ಮೇಲೆ ನನ್ನ ಗುರುತುಗಳನ್ನು ಪ್ರಶ್ನೆಗಳ ಜೊತೆ ಇಟ್ಟು ನೋಡಿದೆವು. ಒಂದಕ್ಕೊಂದು ವಿರುದ್ಧವಾದ ಉತ್ತರ ಒಂದೂ ಇರಲಿಲ್ಲ. ದೋಣಿ ಮಾರಬೇಕೇ? ಹೌದು. ಉಳಿಸಬೇಕೇ? ಇಲ್ಲ.

ನಾನು ಬೇರೆಯದನ್ನೇ ನಿರೀಕ್ಷಿಸಿದ್ದೆ. ಹೆಂಡತಿಯೂ ಅಷ್ಟೇ. ಮೇಷ್ಟ್ರು ಬಾಗಿಲ ಹತ್ತಿರದಿಂದ, “ಮೊದ್ಲು ಹೇಳಿದ್ದೇ ಆಯ್ತಲ್ಲ ಮೇಡಂ,” ಎಂದರು. ಹೌದು, ಪದವೂ ಅದೇ, ಅರ್ಥವೂ ಅದೇ. ಆದರೆ ಈಗ ಅದು ಅವರದ್ದಾಗಿತ್ತು.

ಯಾಕೆ ಎಂದು ಕೇಳುವುದು ಹೇಗೆ ಎಂದು ನಾವು ಯೋಚಿಸುತ್ತಿದ್ದಾಗ ಹಿರಿಯರು ಎಡಗೈಯಿಂದ ಹೆಂಡತಿಯ ಫೋನನ್ನು ಎಳೆದುಕೊಂಡರು. ಅದರಲ್ಲಿ ಅವರ ನಾಡಿನ ನಕ್ಷೆ ಇತ್ತು. ದಿನದ ಅಭ್ಯಾಸಕ್ಕೆಂದು ಊರುಗಳ ಹೆಸರು ಗುರುತಿಸಲು ಬಳಸುತ್ತಿದ್ದುದು. ಕರಾವಳಿಯ ಮೇಲೆ ಬೆರಳಾಡಿಸಿದರು, ಹಸಿರು ರಟ್ಟು ಮುಟ್ಟಿದರು. ಆಮೇಲೆ ಬೆರಳನ್ನು ಒಳಗೆ, ಬೆಟ್ಟಗಳ ಕಡೆಗೆ ಒಯ್ದು ಒಂದೊಂದೇ ಸಣ್ಣ ಊರಿನ ಮೇಲೆ ಇಟ್ಟರು, ಪ್ರತಿ ಸಲ ಕೆಂಪು ರಟ್ಟು ಮುಟ್ಟಿದರು. ಹೆಂಡತಿಗೆ ಮೊದಲು ಹೊಳೆಯಿತು. ಅಲ್ಲಿಗೆಲ್ಲ ದೋಣಿ ಹೋಗುವುದಿಲ್ಲ. ಇಷ್ಟು ವರ್ಷ ನಾಟಕ ದಡದವರಿಗೆ ಮಾತ್ರ ಸಿಕ್ಕಿತ್ತು. ಮೇಷ್ಟ್ರ ವ್ಯಾನಿನಲ್ಲಿ, ಸ್ಟ್ರೋಕ್ ಆಗುವ ಹಿಂದಿನ ದಿನ, ರಸ್ತೆಯೂ ಸರಿಯಿಲ್ಲದ ಹಳ್ಳಿಯೊಂದಕ್ಕೆ ಇವರು ಹೋಗಿ ಬಂದಿದ್ದರು. ವಾಪಸ್ಸು ಬರುವಾಗ ಒಂದು ಮಾತೂ ಆಡದೆ ಕೂತಿದ್ದರು ಎಂದು ಮೇಷ್ಟ್ರು ನೆನಪು ಮಾಡಿಕೊಂಡರು. ಮನಸ್ಸು ಬದಲಾದದ್ದನ್ನು ಹಿರಿಯರು ಬಾಯಿಬಿಟ್ಟು ಹೇಳುವ ಮೊದಲೇ ಮಾತು ಹೋಗಿತ್ತು.

ಉಪಾಧ್ಯಕ್ಷರು ಕೃತಜ್ಞತೆಯಿಂದ ಏನೋ ಹೇಳತೊಡಗಿದರು. ಹೆಂಡತಿ ನನಗೆ ಪಿಸುಗುಟ್ಟಿ ತಿಳಿಸುತ್ತಿದ್ದರು. ಮೊದಲ ಬಸ್ಸಿಗೆ ಅಧ್ಯಕ್ಷರ ಹೆಸರನ್ನೇ ಇಡುತ್ತೇವೆ, ದೊಡ್ಡ ಅಕ್ಷರದಲ್ಲಿ ಬರೆಸುತ್ತೇವೆ, ಊರಿಗೆ ಬಂದ ಕೂಡಲೇ ಸಮಾರಂಭ ಮಾಡುತ್ತೇವೆ ಎನ್ನುತ್ತಿದ್ದಾರೆ ಎಂದರು.

ಸ್ಟ್ರಾ ಮೇಜಿನ ಮೇಲೆ ಬಿತ್ತು.

“ನೈ,” ಎಂದರು ಹಿರಿಯರು.

ಹಾಡಿರಲಿಲ್ಲ, ತಾಳವಿರಲಿಲ್ಲ, ಯಾರೂ ಗುನುಗಿ ಕೊಟ್ಟಿರಲಿಲ್ಲ. ತಾವೇ ಬೆಚ್ಚಿದವರಂತೆ ನಮ್ಮನ್ನೆಲ್ಲ ನೋಡಿದರು. ಮತ್ತೆ ಹೇಳಿದರು, ಈ ಸಲ ಗಟ್ಟಿಯಾಗಿ, ಮೇಜಿನ ಮೇಲೆ ಅಂಗೈ ಇಟ್ಟು. ನಾರ್ವೆಯಲ್ಲಿ ಉಪಾಧ್ಯಕ್ಷರು ನಗತೊಡಗಿದರು. ಈಗ ಅವರೇ ಮಾತಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು ಎಂದರಂತೆ.

ಕರೆ ಮುಗಿದ ಮೇಲೆ ಮೇಷ್ಟ್ರು ಕಾಫಿ ಹೇಳಲು ಕೆಳಗೆ ಹೋದರು. ನಾನು ರಟ್ಟುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಇಷ್ಟು ಶ್ರಮವಾದ ದಿನ ಅಭ್ಯಾಸ ಬೇಡವೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಹೆಂಡತಿ ಗಂಡನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದರು. ಅವರು ಸ್ವಲ್ಪ ತಡೆದು, ತುಟಿ ಸರಿಮಾಡಿಕೊಂಡು, “ನೈ” ಎಂದರು.

ಏನು ಕೇಳಿದಿರಿ ಎಂದೆ.

“ಸುಸ್ತಾಗಿದೆಯೇ ಎಂದು ಕೇಳಿದೆ,” ಎಂದರು ಆಕೆ.

ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತೆ. ಅವರು ಎಡಗೈಯನ್ನು ಮೇಜಿನ ಮೇಲೆ ನನ್ನ ಕಡೆಗೆ ಚಾಚಿದರು, ತಾಳಕ್ಕೆ.